ಮಿಡಿ ಸಿಗುವುದಿಲ್ಲವೆಂದು ಬರೆದವನು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸಾಗರದ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಪಾಠ ಮುಗಿದ ಮೇಲೆ ಹತ್ತು ನಿಮಿಷ ಪೇಪರ್ ಓದಿಸುವ ಹುಚ್ಚು ನನಗಿತ್ತು. ಹಾಲಿಗೆ ಹಾಕುವ ಪುಡಿಯ ಜಾಹೀರಾತು ಹಿಡಿದು, "ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತಾಯಿತು?" ಎಂದು ಮಕ್ಕಳ ತಲೆ ತಿನ್ನುತ್ತಿದ್ದೆ. ಅಚ್ಚಾದದ್ದೆಲ್ಲ ನಿಜವಲ್ಲ ಎಂದು ಬಲ್ಲವನು ಊರಿಗೆ ನಾನೊಬ್ಬನೇ ಎಂಬ ಜಂಬ ಬೇರೆ.

ಒಂದು ವರ್ಷ ನಮ್ಮ ಹಿತ್ತಲಿನ ಅಪ್ಪೆಮಾವು ಹೂವೇ ಬಿಡಲಿಲ್ಲ. ಆ ಒಂದು ಮರ ನೋಡಿ ನಾನು ಒಂದು ಪುಟ ಬರೆದು ಕಳಿಸಿದೆ: ಕಾಡು ಕಡಿದು ಹವೆ ಕೆಟ್ಟಿದೆ, ಈ ಸಲ ಮಲೆನಾಡಿಗೆ ಉಪ್ಪಿನಕಾಯಿಯ ಮಾವಿನ ಮಿಡಿ ಸಿಗುವುದಿಲ್ಲ. ವಾರಪತ್ರಿಕೆಯೊಂದು ನನ್ನ ಹೆಸರು ಬಿಟ್ಟು, ದಪ್ಪ ಅಕ್ಷರದಲ್ಲಿ ಅದನ್ನು ಹಾಕಿತು.

ಊರಿಗೆ ಊರೇ ಗಾಬರಿಯಾಯಿತು. ವರದಾ ನದಿಯ ದಂಡೆಯ ಮರಗಳಲ್ಲಿ ಮಿಡಿ ಗೊಂಚಲುಗೊಂಚಲಾಗಿ ತೂಗುತ್ತಿದ್ದರೂ, ಇದೂ ಕೈತಪ್ಪೀತೆಂದು, ಗೋಲಿಯಷ್ಟೂ ದಪ್ಪವಾಗದ್ದನ್ನು ಕೊಯ್ದರು. ಅಮ್ಮನೂ ಎರಡು ಬುಟ್ಟಿ ತರಿಸಿದಳು. ಮಿಡಿ ಹಾಕುವುದರಲ್ಲಿ ಅವಳ ಕೈ ಹೆಸರುವಾಸಿ. ಮೂರು ವರ್ಷ ಕಳೆದರೂ ಕಚ್ಚಿದರೆ ಕಟುಂ ಎನ್ನಬೇಕು. ಇಷ್ಟು ಎಳೆಯದು ಉಪ್ಪಿನಲ್ಲಿ ಮೆತ್ತಗಾಗುತ್ತದೆಂದು ಅವಳಿಗೆ ನಾನು ಹೇಳಬೇಕಾಗಿರಲಿಲ್ಲ. ಆದರೂ ಭರಣಿ ತೊಳೆಯುತ್ತಿದ್ದಳು.

"ಅಮ್ಮಾ, ಅದನ್ನ ಬರದ್ದು ಆನೇ. ನಮ್ಮನೆ ಮರ ಒಂದೇ ನೋಡಿದ್ದು," ಎಂದು ಬರೆದವನು ನಾನೇ ಎನ್ನುವುದನ್ನು ಒಪ್ಪಿಕೊಂಡೆ.

ಅಮ್ಮ ನನ್ನನ್ನು ಕನಿಕರದಿಂದ ನೋಡಿದಳು. "ಪೇಪರಲ್ಲಿ ಇದ್ದು ತಮಾ. ನೀ ಎಂತಕ್ಕೆ ಅದನ್ನ ಸುಳ್ಳು ಹೇಳ್ತೆ?"

ಮರುದಿನ ತರಗತಿಯಲ್ಲಿ ಅದೇ ಬರಹ ಓದಿಸಿದೆ.

"ಎಷ್ಟ್ ಮರ ನೋಡಿ ಬರ್ದಿದ್ದಾರೆ ಸಾರ್?" ಎಂದಳು ಮುಂದಿನ ಬೆಂಚಿನ ಹುಡುಗಿ.

"ಒಂದು."

"ಯಾರ್ ಸಾರ್ ಅಂಥ ಪೆದ್ದು?"

ನಾನು ಬೋರ್ಡು ಒರೆಸತೊಡಗಿದೆ. ಅಮ್ಮನೆದುರು ಬಂದ ಧೈರ್ಯ ಅಲ್ಲಿ ಬರಲಿಲ್ಲ. ಪತ್ರಿಕೆಗೆ ತಿದ್ದುಪಡಿ ಬರೆದುಕೊಟ್ಟೆ. ಮಿಡಿ ಇದೆ ಎನ್ನುವುದೂ ಒಂದು ಸುದ್ದಿಯೇನು ಎಂದು ಕೇಳಿ ಅವರು ಅದನ್ನು ಹಾಕಲೇ ಇಲ್ಲ.

ಶ್ರಾವಣದಲ್ಲಿ ತೀರ್ಥಹಳ್ಳಿಯ ನೆಂಟರು ಬಂದರು. ಅಮ್ಮನ ಮಿಡಿಗೆಂದೇ ಬರುವವರು. ಹಿರಿಯರೊಬ್ಬರು ಮಿಡಿ ಕಚ್ಚಿದರು. ಸದ್ದೇ ಇಲ್ಲ. ಅವರು ಉಳಿದದ್ದನ್ನು ಎಲೆಯ ಅಂಚಿಗೆ ಸರಿಸಿ ಅನ್ನ ಕಲಸಿಕೊಂಡರು. ಅಮ್ಮನ ಮುಖ ಸಣ್ಣದಾಯಿತು. ಅದನ್ನು ನೋಡಿ ನನಗೆ ನಾಚಿಕೆಯಾಯಿತು.

ಅಮ್ಮ ಸಾವರಿಸಿಕೊಂಡು ಗಟ್ಟಿಯಾಗಿ ಹೇಳಿದಳು: "ಎನ್ನ ಕೈಯದು ತಪ್ಪಿಲ್ಲೆ. ಈ ವರ್ಷ ಹವೆನೇ ಸರಿ ಇಲ್ಲೆ. ಪೇಪರಲ್ಲೇ ಬಂದಿತ್ತು."

ನೆಂಟರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಅಮ್ಮನ ಮುಖ ಅರಳಿತು. ನಾನು ತಲೆಯೆತ್ತದೆ ಇನ್ನೆರಡು ಮಿಡಿ ಹಾಕಿಸಿಕೊಂಡೆ.