ಮುನ್ನೀ ಬೀ ಸೋತ ವ್ಯಾಪಾರ

ಕೊಟ್ಟೂರು ಬಜಾರಿನ ಮುನ್ನೀ ಬೀಯ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಬಳೆಗೆಂದು ಬರುತ್ತಾರೆ. ಉಳಿದರ್ಧ ಹಾಲವ್ವನನ್ನು ನೋಡಲು ಬಂದು, ಬರಿಗೈಯಲ್ಲಿ ಏಳಲು ನಾಚಿ, ಒಂದು ಡಜನ್ ಇಡಿಸಿಕೊಂಡು ಹೋಗುತ್ತಾರೆ. ಕೀರ್ತಿಯಿಂದ ಹೊಟ್ಟೆ ತುಂಬುವುದಿಲ್ಲ ಎಂದವನು ಬಳೆ ವ್ಯಾಪಾರ ಮಾಡಿದವನಲ್ಲ.

ಹಾಲವ್ವ ಎಂದರೆ ಹಂಪೇಶನ ಕೇಬಲ್ ಚಾನೆಲ್ಲಿನಲ್ಲಿ ಹನ್ನೊಂದು ವರ್ಷದಿಂದ ಭಾನುವಾರ ಬರುವ ‘ಚೌಕಾಸಿ’ ಎಂಬ ನಗೆ ಕಾರ್ಯಕ್ರಮದ ಗಿರಾಕಿ. ಹೊಳಲಿನಿಂದ ಬಸ್ಸಿಗೆ ಬಂದು, ಅಂಗಡಿಯ ಸಾಮಾನೆಲ್ಲ ಕೆಳಗೆ ತೆಗೆಸಿ, ನೀರು ಕುಡಿದು, ಮಾಲೀಕನ ಮಗಳಿಗೊಂದು ಗಂಡನ್ನೂ ಸೂಚಿಸಿ, ಏನೂ ಕೊಳ್ಳದೆ ಎದ್ದು ಹೋಗುವ ಹೆಂಗಸು. ಆ ವೇಷ ಕಟ್ಟುವವಳು ಮುನ್ನೀ ಬೀ. ನೋಡಿದ ವ್ಯಾಪಾರಸ್ಥರು ನಗುವುದಕ್ಕಿಂತ ಬೆವರುವುದೇ ಹೆಚ್ಚು. ಅಂಥವಳೊಬ್ಬಳು ಅವರ ಅಂಗಡಿಗೆ ಹಿಂದಿನ ದಿನವಷ್ಟೇ ಬಂದು ಹೋಗಿರುತ್ತಾಳೆ. ಹೊಳಲಿನವರು ಮೊದಲ ವರ್ಷ ಜಗಳಕ್ಕೆ ಬಂದರು. ಮೂರನೆಯ ವರ್ಷ ಅವರೇ ಫೋನು ಮಾಡಿ, “ನಮ್ಮ ಹಾಲವ್ವ ಎರಡು ವಾರದಿಂದ ಕಾಣವಲ್ಲಳು, ಆರಾಮ ಅದಾಳಿಲ್ಲೋ?” ಎಂದು ಕೇಳಿದರು.

ಪಾತ್ರಧಾರಿಗಳು ಮೊದಲ ದಿನದಿಂದಲೂ ಅದೇ ನಾಲ್ವರು. ಕಿರಾಣಿಯ ಗುರುಸಂಗಪ್ಪ, ಗಡಿಯಾರ ರಿಪೇರಿಯ ನೂರಸಾಬ, ಗೊಬ್ಬರದಂಗಡಿಯ ನಾಗೇಂದ್ರಪ್ಪ, ಮತ್ತೆ ಮುನ್ನೀ ಬೀ. ಬಜಾರಿಗೆ ವಾರದ ರಜೆ ಇರುವ ದಿನ ಯಾರದಾದರೂ ಶಟರ್ ಅರ್ಧ ಎಳೆದು ಚಿತ್ರೀಕರಣ. ಅಭಿನಯವೆಂದು ಅವರು ಹೊಸದೇನೂ ಕಲಿಯಲಿಲ್ಲ. ಆರು ದಿನ ಮಾಡಿದ್ದನ್ನೇ ಏಳನೆಯ ದಿನವೂ ಮಾಡಿದರು, ಅಷ್ಟೇ.

ಈ ವರ್ಷ ಹಂಪೇಶ್ ಕಾರ್ಯಕ್ರಮವನ್ನು ಜನರ ಫೋನಿಗೆ ಹಾಕಲು ಹೊರಟ. ದಿನಕ್ಕೊಂದು ತುಣುಕು ಬೇಕು ಎಂದ.

“ದಿನಾ ಅಂಗಡಿ ಮುಚ್ಚಿ ಮಂದಿನ ನಗಸಾಕ ಬಂದ್ರ, ಮಂದಿ ನಮ್ಮನ್ನ ನೋಡಿ ನಗ್ತಾರಪಾ,” ಎಂದು ಗುರುಸಂಗಪ್ಪ ಕೈಮುಗಿದ. ಬಿಡುವುದಾದರೆ ನಾಲ್ವರೂ ಒಟ್ಟಿಗೇ ಬಿಡುವುದೆಂದು ತೀರ್ಮಾನವಾಯಿತು. ಮೂವರು ಗಂಡಸರ ಪಾತ್ರಗಳಿಗೆ ಬಜಾರಿನಲ್ಲಿ ಬೇರೆಯವರು ಸಿಕ್ಕರು. ತೊಡಕಾದದ್ದು ಹಾಲವ್ವ.

“ಹಾಲವ್ವ ತೀರಿಕೊಂಡ್ಲು ಅಂತ ಫೋಟೊಕ್ಕೊಂದು ಹಾರ ಹಾಕಿ ಮುಗಿಸಿಬಿಡಾಣೇನವಾ?” ಎಂದು ಹಂಪೇಶ್ ಕೇಳಿದ.

“ನಿನ್ನ ಚಾನೆಲ್ಲಿಗೆ ಹಾಕ್ಕೋ ಲೇ ಹಾರ! ಫೋಟೊ ನಂದು, ಜೀವ ಇನ್ನಾ ಐತಿ.”

ಹಾಗಾಗಿ ಹರಪನಹಳ್ಳಿಯಿಂದ ಪುಷ್ಪಲತಾ ಬಂದಳು. ಕಾಲೇಜಿನ ನಾಟಕಗಳಲ್ಲಿ ಬಹುಮಾನ ಹೊಡೆದವಳು. ಮೊದಲ ದಿನವೇ ಸೊಂಟಕ್ಕೆ ಕೈಯಿಟ್ಟು, ಕಣ್ಣು ಅಗಲಿಸಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು. ಹಂಪೇಶ್ ಚಪ್ಪಾಳೆ ತಟ್ಟಿದ. ತಾನು ಹೋಗುವುದಕ್ಕೆ ಮುನ್ನೀ ಬೀಗೆ ದುಃಖವಿರಲಿಲ್ಲ. ಆದರೆ ಹನ್ನೊಂದು ವರ್ಷ ಸಾಕಿದ ಹಾಲವ್ವ ಹೀಗೆ ಗಯ್ಯಾಳಿಯಾಗಿ ಬಜಾರಿನಲ್ಲಿ ಮಾನ ಕಳೆದುಕೊಳ್ಳುವುದನ್ನು ನೋಡಲಾರಳು.

“ಕೂಗಾಕಿ ಕೊಳ್ತಾಳವ್ವ,” ಎಂದಳು. “ಕೊಳ್ಳದಾಕಿ ಬೆಣ್ಣಿ ಹಂಗ ಮಾತಾಡ್ತಾಳ. ಎಂಟು ದಿನ ನನ್ನ ಅಂಗಡ್ಯಾಗ ಕುಂತು ನೋಡು.”

ಪುಷ್ಪಲತಾ ಕುಳಿತಳು, ನೋಡಿದಳು, ಹೋಗುವಾಗ ಕೈತುಂಬ ಬಳೆಯನ್ನೂ ಇಡಿಸಿಕೊಂಡಳು. ಪಾಠ ಹೇಳುವಾಗಲೂ ಮುನ್ನೀ ಬೀ ವ್ಯಾಪಾರ ಬಿಡುವವಳಲ್ಲ.

ಹಳಬರ ಕೊನೆಯ ಚಿತ್ರೀಕರಣ ಬಳೆ ಅಂಗಡಿಯಲ್ಲೇ ನಡೆಯಿತು. ಅಂದು ಮುನ್ನೀ ಬೀ ಅಂಗಡಿಯವಳು, ಪುಷ್ಪಲತಾ ಹಾಲವ್ವ. ಹಂಪೇಶ್ ಬರೆದು ತಂದ ಹಾಳೆಯನ್ನು ಮುನ್ನೀ ಬೀ ಮಡಚಿ ಬಳೆ ಡಬ್ಬಿಯ ಅಡಿಗೆ ಹಾಕಿದಳು.

“ನಾ ಖರೇನ ವ್ಯಾಪಾರ ಮಾಡ್ತೀನಿ. ಈಕಿ ಕೊಳ್ಳದ ಎದ್ದು ಹೋದ್ರ ಹಾಲವ್ವ ಈಕಿದು. ಒಂದ ಬಳಿ ಕೊಂಡ್ಲೂ ಅಂದ್ರ ಹಾಲವ್ವ ನನ್ನ ಕೂಡ ಮನಿಗೆ ಬರ್ತಾಳ. ಒಪ್ಪಿಗ್ಯಾ?”

ಬೇರೆ ದಾರಿಯಿಲ್ಲದೆ ಹಂಪೇಶ್ ಒಪ್ಪಿದ. ಗುರುಸಂಗಪ್ಪ ನೂರಸಾಬನ ಕಿವಿಯಲ್ಲಿ, “ಹುಡುಗಿ ಹೋದ್ಲು ಬಿಡಪ್ಪ,” ಎಂದ.

ಪುಷ್ಪಲತಾ ಬಂದು ಕುಳಿತಳು. ಕೂಗಲಿಲ್ಲ. ನೀರು ಕೇಳಿದಳು. ಮುನ್ನೀ ಬೀಯ ಮೊಣಕಾಲು ನೋವು ವಿಚಾರಿಸಿದಳು. ಹಸಿರು ತೆಗೆಸಿದಳು, ಕೆಂಪು ತೆಗೆಸಿದಳು, ಮೇಲಿನ ಹಲಗೆಯ ಡಬ್ಬಿಗಳನ್ನೂ ತೆಗೆಸಿದಳು. ಎಲ್ಲವನ್ನೂ ಹೊಗಳಿದಳು.

ಬಳೆಗಾರರಿಗೆ ಒಂದು ಬ್ರಹ್ಮಾಸ್ತ್ರವಿದೆ. ಗಿರಾಕಿಯ ಕೈ ಹಿಡಿದು ಒಂದು ಬಳೆ ಏರಿಸಿಬಿಟ್ಟರೆ ವ್ಯಾಪಾರ ಮುಗಿದಂತೆ; ಇಟ್ಟ ಬಳೆಯನ್ನು ಯಾವ ಮುತ್ತೈದೆಯೂ ತೆಗೆದು ವಾಪಸು ಕೊಡುವುದಿಲ್ಲ. ಮುನ್ನೀ ಬೀ ನಗುತ್ತ ಕೈ ಚಾಚಿದಳು. “ಕೊಡವ್ವ ಕೈ, ಅಳತಿ ನೋಡಾಣ.”

ಪುಷ್ಪಲತಾ ತಡಮಾಡದೆ ಎರಡೂ ಕೈ ಕೊಟ್ಟಳು. ಗುರುಸಂಗಪ್ಪ ಹಣೆ ಚಚ್ಚಿಕೊಂಡ. ಸೆರಗು ಸರಿದಾಗ ಮುಂಗೈಯಿಂದ ಮೊಣಕೈವರೆಗೆ ಒತ್ತೊತ್ತಾಗಿ ಬಳೆ. ಇನ್ನೊಂದು ಇಡಲು ಎಳ್ಳಷ್ಟೂ ಜಾಗವಿಲ್ಲ.

“ಇವನ್ನ ತೆಗದು...” ಎಂದು ಬಾಯಿ ತೆರೆದ ಮುನ್ನೀ ಬೀ ನಾಲಿಗೆ ಕಚ್ಚಿಕೊಂಡಳು. ಬಳೆಗಾರ್ತಿಯ ಬಾಯಲ್ಲಿ ಬರುವ ಮಾತಲ್ಲ ಅದು. ಸುಧಾರಿಸಿಕೊಂಡು ಬೇರೆ ದಾರಿ ಹಿಡಿದಳು. “ಹಳೇವು ಅದಾವಲ್ಲವ್ವ, ಇನ್ನೆಷ್ಟು ದಿನ ಬರ್ತಾವ? ಒಂದು ಡಜನ್ ಮನ್ಯಾಗ ಇಟ್ಟಿರು.”

ಪುಷ್ಪಲತಾ ಮೆಲ್ಲಗೆ, ಬೆಣ್ಣೆಯಂತೆ ಹೇಳಿದಳು. “ಹೋದ ವಾರ ನೀನ ಇಟ್ಟಿದ್ದಲ್ಲೇನಕ್ಕಾ? ‘ಮೂರು ವರ್ಷ ಏನೂ ಆಗಂಗಿಲ್ಲ’ ಅಂತ ಆಣಿ ಮಾಡಿದ್ದಿ. ಸುಳ್ಳು ಅಂತಂದ್ಬಿಡು, ಈಗ ಎರಡು ಡಜನ್ ತಗೊಂತೀನಿ.”

ಮುನ್ನೀ ಬೀ ಸುಳ್ಳೆಂದರೆ ಅಂಗಡಿಯ ಮಾತು ಹೋಗುತ್ತದೆ, ನಿಜವೆಂದರೆ ವ್ಯಾಪಾರ ಹೋಗುತ್ತದೆ. ಕ್ಯಾಮೆರಾ ತಿರುಗುತ್ತಲೇ ಇತ್ತು. ಆಕೆ ಮುಂದೆ ಹಿಡಿದಿದ್ದ ಡಜನ್ನನ್ನು ತಿರುಗಿ ಡಬ್ಬಿಗೇ ಹಾಕಿದಳು.

“ಮೂರು ವರ್ಷ ಬಿಟ್ಟು ಬರ್ತೀನಿ ಬಿಡಕ್ಕ,” ಎಂದು ಪುಷ್ಪಲತಾ ಉಳಿದ ನೀರು ಕುಡಿದು ಎದ್ದಳು.

ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ಹಾಲವ್ವ ಹೊರಗೆ ಹೋದಳು. ಸುತ್ತ ಇಪ್ಪತ್ತು ಡಬ್ಬಿ ಬಾಯಿ ತೆರೆದು ಬಿದ್ದಿದ್ದವು. ಗುರುಸಂಗಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಏನವಾ, ನಿನ್ನ ಅಂಗಡ್ಯಾಗ ನಿನಗ ಟೋಪಿ ಬಿತ್ತಲ್ಲ!”

“ಯಾರು ಹಾಕ್ಯಾರಂತ ನೋಡೋ,” ಎಂದು ಮುನ್ನೀ ಬೀ ಎದೆ ಸೆಟೆಸಿದಳು. “ಬ್ಯಾರೆಯವ್ರ ಕೈಲಿ ಆಗ್ತಿತ್ತೇನು?”

ಹೊಸಬರ ಮೊದಲ ತುಣುಕು ಬಂದ ದಿನ ಚಿಗಟೇರಿಯ ಕಡೆಯ ಮದುವೆ ಮನೆಯವರು ಆರು ಜನ ಬಳೆಗೆ ಬಂದು ನಿಂತಿದ್ದರು. ಮುನ್ನೀ ಬೀ ಫೋನಿನಿಂದ ಕಣ್ಣು ತೆಗೆಯದೆ ಕೈಯೆತ್ತಿ ಅವರನ್ನು ತಡೆದಳು.

“ಕುಂದರ್ರಿ, ಎರಡು ನಿಮಿಷ. ನಮ್ಮ ಹಾಲವ್ವ ಅಂಗಡಿ ಒಳಗ ಹೊಕ್ಕಾಳ.”