ಎರಡು ಮುಚ್ಚಳದ ಫಿಯಟ್

ಶಿರ್ವದ ಆ ಮನೆಯ ಶೆಡ್ಡಿನ ಬಾಗಿಲು ತೆರೆದಾಗ ಬೆಳಗಿನ ಆರೂಮುಕ್ಕಾಲು. ಒಳಗೆ ಒಂದು ಬಿಳಿ ಫಿಯಟ್ ಕಾರು. ಒಂಬತ್ತು ವರ್ಷಗಳಿಂದ ಗೇಟು ದಾಟದ್ದು. ರಿಪೇರಿಗೆ ಬಂದ ಯಮನೂರ ಬಾನೆಟ್ ಎತ್ತುವುದಿಲ್ಲ, ಪಾನಾ ಹಿಡಿಯುವುದಿಲ್ಲ. ಚಪ್ಪಲಿ ಕಳಚಿ, ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. “ಸುಮ್ನಿರ್ರಿ” ಎಂದು ತಮ್ಮ ಬಗ್ಗೆ ಬರೆಯಲು ಬಂದ ನನ್ನ ಪೆನ್ನನ್ನೂ ನಿಲ್ಲಿಸುತ್ತಾರೆ. ತಗಡಿನ ಮಾಡಿಗೆ ಬಿಸಿಲು ತಾಗುತ್ತದೆ. ಸ್ವಲ್ಪ ಹೊತ್ತಿಗೆ, ಯಾರೂ ಮುಟ್ಟದ ಆ ಕಾರಿನಿಂದ ಸದ್ದು ಬರುತ್ತದೆ: ಡಬ್. ಡಬ್.

ಸುಳ್ಳು ಹೇಳಿ ಪ್ರಯೋಜನವಿಲ್ಲ, ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೇನೆ. ಬಾಗಿಲಲ್ಲಿ ನಿಂತ ಅಪೊಲೋನಿಯಾ ಟೀಚರ್‌ಗೆ ಮಾತ್ರ ಎಂತದೂ ಆಗಿಲ್ಲ. “ಎಡ್ಮಂಡ್” ಎನ್ನುತ್ತಾರೆ, ಪಕ್ಕದ ಮನೆಯವರನ್ನು ಪರಿಚಯಿಸಿದ ಹಾಗೆ. ಎಡ್ಮಂಡ್ ಅವರ ಗಂಡ. ತೀರಿಕೊಂಡು ಒಂಬತ್ತು ವರ್ಷ. “ಚರ್ಚಿನ ಬೆಳಗ್ಗಿನ ಪೂಜೆಗೆ ಹೊರಡುವಾಗ ನಾನು ಯಾವಾಗಲೂ ತಡ. ಇವರು ಕಾರಿನ ಮೇಲೆ ಎರಡು ಸಲ ಬಡಿಯುವುದು. ಈಗಲೂ ಬಡಿಯುತ್ತಾರೆ. ಬಿಸಿಲಿದ್ದ ದಿನ ತಪ್ಪುವುದೇ ಇಲ್ಲ.”

ಮೂರು ವಾರದಲ್ಲಿ ಮಗಳು ಶಾರ್ಲೆಟ್‌ಳ ಮದುವೆ. ಪಪ್ಪನ ಕಾರಲ್ಲೇ ಇಗರ್ಜಿಗೆ ಹೋಗಬೇಕೆಂಬುದು ಅವಳ ಹಟ. ಇಬ್ಬರು ಮೆಕ್ಯಾನಿಕ್‌ಗಳು ಬಂದು ಹೊಸ ಪೆಟ್ರೋಲ್ ಹಾಕಿ, ಕಾರ್ಬುರೇಟರ್ ತೊಳೆದು, ಸೋತು ಹೋಗಿದ್ದಾರೆ. ಕಾರು ಸ್ಟಾರ್ಟ್ ಆಗುತ್ತದೆ, ಹತ್ತು ನಿಮಿಷಕ್ಕೆ ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಮೂರನೆಯವರಾಗಿ ಬಂದವರು ಯಮನೂರ.

ವರ್ಷಗಟ್ಟಲೆ ನಿಂತ ಕಾರುಗಳಲ್ಲಿ ಪೆಟ್ರೋಲ್ ಹರಿಯುವ ದಾರಿ ಬಿಡಿಸುವುದೊಂದೇ ಇವರ ಕಸುಬು. ಕಾಪುವಿನಿಂದ ಕಾರ್ಕಳದವರೆಗೆ, ಯಜಮಾನರು ಗಲ್ಫಿನಲ್ಲಿರುವ ಮನೆಗಳಲ್ಲಿ ಬಟ್ಟೆ ಹೊದ್ದು ಮಲಗಿದ ಕಾರುಗಳು ಎಷ್ಟೋ. ವಾರಕ್ಕೆ ಎರಡು, ಹತ್ತೊಂಬತ್ತು ವರ್ಷದಲ್ಲಿ ಸಾವಿರದ ಎಂಟುನೂರು ದಾಟಿದೆಯಂತೆ. ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಸಂತೆಕಟ್ಟೆಯ ಗ್ಯಾರೇಜೊಂದರ ಗೋಡೆ ಕಟ್ಟುತ್ತ ಒಳಗಿನ ಕೆಲಸ ಕಲಿತರು. ಈಗ ಅಲ್ಲೇ ಹೈವೇ ಬದಿಯಲ್ಲಿ ಸ್ವಂತ ತಗಡಿನ ಶೆಡ್ಡು.

“ನಿಂತ ಪೆಟ್ರೋಲ್ ಕೆಡತೈತ್ರಿ. ಮೊದ್ಲು ಚಹಾದ ಬಣ್ಣ, ಆಮ್ಯಾಲೆ ಬೆಲ್ಲದ ಪಾಕ, ಕಡೀಗೆ ಅರಗು. ವಾಸನಿ ಹಿಡಿದು ವರ್ಷ ಹೇಳ್ತೀನಿ” ಎನ್ನುತ್ತಾರೆ. ಪೈಪಿಗೆ ಬಾಯಿ ಹಚ್ಚಿ ಎಳೆದೂ ಎಳೆದೂ ನಾಲಿಗೆ ಸತ್ತಿದೆ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ಹೆಂಡತಿ ಅಂಬವ್ವನೇ ಹೇಳಬೇಕು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಯಮನೂರ ಕೇಳಿದ್ದನ್ನೂ ಪ್ರಮಾಣಿಸುವವರು. ಟ್ಯಾಂಕಿನ ಮುಚ್ಚಳ ಬಿಚ್ಚಿ ನನಗೆ ತೋರಿಸುತ್ತಾರೆ. ಗಾಳಿ ಹೋಗುವ ಸಣ್ಣ ತೂತಿಗೆ ಕಣಜವೊಂದು ಮಣ್ಣು ಮೆತ್ತಿ ಗೂಡು ಕಟ್ಟಿದೆ. “ಟ್ಯಾಂಕಿಗೂ ಉಸಿರು ಬೇಕ್ರಿ. ಪೆಟ್ರೋಲ್ ಹೊರಗ ಹೋದಷ್ಟು ಗಾಳಿ ಒಳಗ ಬರ್ಬೇಕು, ಇಲ್ಲಾಂದ್ರ ಎಂಜಿನ್ನಿಗೆ ಪೆಟ್ರೋಲ್ ಬಿಡೂದಿಲ್ಲ. ತೂತು ಮುಚ್ಚೈತಲ್ಲ, ರಾತ್ರಿ ತಂಪಿಗೆ ಟ್ಯಾಂಕಿನ ತಗಡು ಒಳಗ ಜಗ್ಗತೈತಿ, ಬಿಸಿಲಿಗೆ ಹೊರಗ ಬಡೀತೈತಿ. ಎರಡು ಬಗಲು, ಎರಡು ಸಲ.”

ನನಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ಯಮನೂರ ಮಣ್ಣು ಕೆರೆಯುವುದಿಲ್ಲ. ಅದಕ್ಕೊಂದು ಕಾರಣವಿದೆ. ಹಿಂದೊಮ್ಮೆ ಬೆಳ್ಮಣ್‌ನಲ್ಲಿ ದೇಜಪ್ಪ ಎಂಬ ಹಿರಿಯರ ಮನೆಯಲ್ಲಿ, ಅವರ ಸತ್ತ ತಮ್ಮನ ಜೀಪಿನ ಇಂಥದೇ ತೂತನ್ನು ಕೇಳದೆ ಬಿಡಿಸಿಬಿಟ್ಟಿದ್ದರು. ಮೂರನೇ ದಿನ ಅಜ್ಜ ಬಸ್ಸು ಹಿಡಿದು ಸಂತೆಕಟ್ಟೆಗೆ ಬಂದು, ಶೆಡ್ಡಿನ ಎದುರು ಕೊಡೆ ಹಿಡಿದು ನಿಂತರಂತೆ. “ಎಂತ ಮಾಡಿದ್ದು ಮಾರಾಯ ನೀನು? ಆ ಶಬ್ದ ಎಲ್ಲುಂಟು? ಕೊಡು” ಎಂದರಂತೆ. ಅಂದಿನಿಂದ ಯಮನೂರ ಮೊದಲು ಕೂತು ಕೇಳುತ್ತಾರೆ, ಆಮೇಲೆ ಮನೆಯವರನ್ನು ಕೇಳುತ್ತಾರೆ.

“ತೂತು ಬಿಡಿಸಿದರೆ ಇವರು ಬಡಿಯುವುದು ನಿಲ್ಲುತ್ತದಾ?” ಟೀಚರ್ ಕೇಳುತ್ತಾರೆ.

“ನಿಲ್ತೈತ್ರಿ, ಟೀಚರ್.”

ಟೀಚರ್ ಕಾರಿನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಶಾರ್ಲೆಟ್‌ಳ ಕಣ್ಣು ತುಂಬುತ್ತದೆ. “ಬೇಡ ಮಮ್ಮಿ, ಬೇರೆ ಕಾರು ಮಾಡುವ” ಎನ್ನುತ್ತಾಳೆ. ಆಗ ಯಮನೂರ ಚೀಲದಲ್ಲಿ ತಡಕಾಡಿ ಇನ್ನೊಂದು ಮುಚ್ಚಳ ತೆಗೆಯುತ್ತಾರೆ, ತೂತು ಸರಿಯಿರುವುದು. ಮಣ್ಣಿನ ಮುಚ್ಚಳವನ್ನು ಒರೆಸದೆ ಟೀಚರ್ ಕೈಗೆ ಕೊಡುತ್ತಾರೆ. “ಓಡುವಾಗ ಹೊಸಾದು, ನಿಂತಾಗ ಇದು. ಬದ್ಲಿ ಮಾಡೂದು ಮರೀಬ್ಯಾಡ್ರಿ.” ಇಂಥ ಉಪಾಯ ಯಾವ ಶೋರೂಮಿನಲ್ಲಿ ಸಿಗುತ್ತದೆ, ನೀವೇ ಹೇಳಿ.

ಮದುವೆ ಮುಗಿದ ಮೇಲೆ ಯಮನೂರರ ಫೋಟೊ ತೆಗೆಯಲೆಂದು ನಾನು ಸಂತೆಕಟ್ಟೆಯ ಶೆಡ್ಡಿನಲ್ಲಿದ್ದಾಗ ಶಾರ್ಲೆಟ್‌ಳ ಫೋನು ಬರುತ್ತದೆ. ಕೈಯೆಲ್ಲ ಗ್ರೀಸು, ಯಮನೂರ ಸ್ಪೀಕರಿಗೆ ಹಾಕುತ್ತಾರೆ.

“ಯಮನೂರಣ್ಣ, ನಿನ್ನೆ ಕಾರು ತಂದು ನಿಲ್ಲಿಸಿದ್ದು ನಾನು. ಮುಚ್ಚಳ ಬದಲಿಸಲು ಮರೆತೇ ಹೋಯಿತು. ಹೊಸದೇ ಉಂಟು ಈಗಲೂ.”

“ಹಂಗಾರ ಇವತ್ತು ಸದ್ದು ಬಂದಿರ್ಲಿಕ್ಕಿಲ್ಲ.”

“ಬಂತು. ಎರಡು ಸಲ. ಇಲ್ಲಿ ಬೆಳಗ್ಗಿನಿಂದ ಮೋಡ, ಬಿಸಿಲೇ ಇಲ್ಲ.” ಅವಳ ಧ್ವನಿ ಸಣ್ಣದಾಗುತ್ತದೆ. “ಮಮ್ಮಿಗೆ ನಾನು ಹೇಳಲಿಲ್ಲ. ಅವರು ಪೂಜೆಗೆ ಹೋದರು.”

ಯಮನೂರ ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತಾರೆ.

“ಮದುವಿ ದಿನ ಗಾಡಿ ಎಲ್ಲಾದ್ರೂ ನಿಂತಿತೇನ್ರಿ?”

“ಇಲ್ಲಣ್ಣ. ಒಂದು ಸಲವೂ ಇಲ್ಲ.”

“ಹಂಗಾರ ನನ್ನ ಕೆಲಸ ಸರಿ ಐತ್ರಿ” ಎನ್ನುತ್ತಾರೆ ಯಮನೂರ. “ಉಳಿದದ್ದು ನಿಮ್ಮ ಮನೀದು.”