ನೂರ ಹನ್ನೆರಡು ಕಲ್ಲುಗಳ ಬುರುಲ್ ಎಜೆ

ನಮ್ಮ ಚೂಯ್ ಕಣಿವೆಯಲ್ಲಿ ಏಳುನೂರು ವರ್ಷಗಳ ಹಿಂದೆ ಬಾಳಿ ಮಣ್ಣಾದ ಕ್ರೈಸ್ತರ ಹೆಸರುಗಳನ್ನು ಅವರ ಗೋರಿಗಲ್ಲುಗಳಿಂದಲೇ ಓದಬಲ್ಲವರು ಈ ಜಿಲ್ಲೆಯಲ್ಲಿ ಒಬ್ಬರೇ ಇದ್ದಾರೆ. ಅವರು ಮೂವತ್ತೆಂಟು ವರ್ಷ ಜಿಲ್ಲಾ ವಸ್ತುಸಂಗ್ರಹಾಲಯದ ಕಲ್ಲುಕೋಣೆಯನ್ನು ಕಾಯ್ದ ಶ್ರೀಮತಿ ಬುರುಲ್ಚಾ ಎಸೆನ್‌ಕುಲೋವಾ. ಅಕ್ಕನೆಂದೇ ಬಗೆದು ನಾವೆಲ್ಲ ಕರೆಯುವುದು ಬುರುಲ್ ಎಜೆ ಎಂದು. ಅವರ ನಿವೃತ್ತಿಗೆ ಈ ಅಭಿನಂದನ ಗ್ರಂಥ ಹೊರಬರುತ್ತಿರುವುದು ಸಂತೋಷದ ಸಂಗತಿ. ಅದಕ್ಕೆ ಸಂಗ್ರಹಾಲಯದ ನಿರ್ದೇಶಕ ತುರ್ಗುನ್‌ಬೇವ್ ಅವರು ಮುನ್ನುಡಿ ಬರೆದಿರುವುದು ಮೈ ಉರಿಯುವ ಸಂಗತಿ. ಎರಡನೆಯ ಮಾತನ್ನು ಸಂಪಾದಕರು ಕತ್ತರಿಸಬಾರದೆಂದು ವಿನಂತಿ.

ಸಹಾಯಕಿಯಾಗಿ ಸೇರಿದ ಎಜೆ, ಹರಿದ ವ್ಯಾಕರಣ ಪುಸ್ತಕವೊಂದನ್ನು ಹಿಡಿದು ಆ ಗೋರಿಗಲ್ಲುಗಳ ಸಿರಿಯಕ್ ಲಿಪಿಯನ್ನು ತಾವೇ ಕಲಿತರು. ಶಿಲುಬೆ ಕೆತ್ತಿದ ಹೊಳೆಗಲ್ಲುಗಳು ಆಲೂಗಡ್ಡೆ ಹೊಲದಲ್ಲಿ ಸಿಗುತ್ತಿದ್ದವು. ಎಷ್ಟೋ ಮನೆಗಳಲ್ಲಿ ಎಲೆಕೋಸಿನ ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕೆ ಕೂತಿದ್ದವು. ಅಂಥ ಮನೆಗೆ ಹೋಗುವಾಗ ಎಜೆ ಅಷ್ಟೇ ತೂಕದ ಬರಿಗಲ್ಲೊಂದನ್ನು ಹೊತ್ತೊಯ್ದು ಮನೆಯಾಕೆಗೆ ಕೊಟ್ಟು, ಶಿಲುಬೆಯ ಕಲ್ಲನ್ನು ತರುತ್ತಿದ್ದರು. ವಾಸನೆ ಹಿರಿಯರ ಆತ್ಮಕ್ಕೆ ಮುಟ್ಟಲೆಂದು ಗುರುವಾರ ಎಣ್ಣೆಯಲ್ಲಿ ಹಿಟ್ಟಿನ ಬೋರ್ಸೋಕ್ ಕರಿಯುವ ನಮ್ಮ ಪದ್ಧತಿಯನ್ನು ಆ ಕಲ್ಲುಗಳ ಪಕ್ಕದಲ್ಲೇ ನಡೆಸುತ್ತಿದ್ದರು. ಮುಸಲ್ಮಾನರಾದ ನಾವು ಶಿಲುಬೆಯವರಿಗೇಕೆ ಕರಿಯಬೇಕೆಂದು ಯಾರೋ ಕೆಣಕಿದ್ದರು. “ಎಣ್ಣೆ ವಾಸನೆ ಯಾರ ಮನೆ ಅಂತ ಕೇಳ್ಕೊಂಡು ಹೋಗುತ್ತಾ?” ಎಂದ ಎಜೆ ಬಾಣಲೆಯಿಂದ ತಲೆ ಎತ್ತಲಿಲ್ಲ.

ನಾನು ಅವರ ಕೈಕೆಳಗೆ ಬಂದ ಹೊಸದರಲ್ಲಿ ‘ಪಾಷಂಡಿ ನೆಸ್ಟೋರಿಯನ್ನರ ಗೋರಿಗಳು’ ಎಂದು ಫಲಕ ಬರೆದೆ. ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷನಾಗಿದ್ದ ನೆಸ್ಟೋರಿಯಸ್‌ನನ್ನು ಎಫೆಸಸ್ಸಿನ ಮಹಾಸಭೆ ಪಾಷಂಡಿಯೆಂದು ಪದಚ್ಯುತಗೊಳಿಸಿತು. ಮುಂದೆ ವಿರೋಧಿಗಳು ಅವನ ಹೆಸರನ್ನು ಈ ಕಲ್ಲಿನವರು ಸೇರಿದ್ದ ಇಡೀ ಪೂರ್ವದ ಕ್ರೈಸ್ತ ಸಭೆಗೆ ಅಂಟಿಸಿದರು. ಇದನ್ನೆಲ್ಲ ತಾಳ್ಮೆಯಿಂದ ತಿಳಿಸಿದ ಎಜೆ ಕೊನೆಗೆ, “ಬೈದೋರು ಇಟ್ಟ ಹೆಸರನ್ನ ಗೋರಿ ಮೇಲೆ ಬರೀತಾರೇನೋ ಮೆದೆರ್? ಅವರೇ ‘ವಿಶ್ವಾಸಿ’ ಅಂತ ಬರ್ಕೊಂಡಿದಾರೆ, ಅದನ್ನೇ ಬರಿ” ಎಂದರು. ಬರೆದೆ. ಜನ ಸೇರುವುದು ‘ಪಾಷಂಡಿ’ ಎಂಬ ಮಾತಿಗೇ ಎಂದು ನಿರ್ದೇಶಕರು ಹಳೆಯ ಫಲಕವನ್ನೇ ಮತ್ತೆ ತೂಗುಹಾಕಿಸಿದರು.

ಒಂಬತ್ತು ವರ್ಷದ ಹಿಂದಿನ ವಸಂತದಲ್ಲಿ ಮಂತ್ರಿಗಳು ಬರುವರೆಂದು ಸುದ್ದಿಯಾಯಿತು. ದೊಡ್ಡವರು ಬಂದರೆ ನಮ್ಮೂರಿನಲ್ಲಿ ಮರದ ಬುಡದಿಂದ ದಾರಿಯ ಅಂಚುಗಲ್ಲಿನವರೆಗೆ ಅಲ್ಲಾಡದೆ ನಿಂತ ಎಲ್ಲಕ್ಕೂ ಸುಣ್ಣ ಬೀಳುತ್ತದೆ. ಎಜೆ ಮಗಳ ಬಾಣಂತನಕ್ಕೆ ದೂರದ ಓಶ್‌ಗೆ ಹೋಗಿದ್ದರು. ಅಂಚುಗಲ್ಲು ಸಾಲದೆ ನಿರ್ದೇಶಕರು ಕಲ್ಲುಕೋಣೆಯನ್ನೇ ಬರಿದು ಮಾಡಿಸಿ, ನೂರ ಹನ್ನೆರಡು ಗೋರಿಗಲ್ಲುಗಳನ್ನು ದಾರಿಯ ಎರಡೂ ಬದಿಗೆ ಹೂಳಿಸಿದರು. ಶನಿವಾರದ ಶ್ರಮದಾನದಲ್ಲಿ ಆರು ಜನ ಕುಂಚ ಹಿಡಿದೆವು. ನಾನು ಗೊಣಗಿದೆ. “ಸತ್ತೋರು ದೂರು ಕೊಡಲ್ಲ ಮೆದೆರ್, ಬಳಿ” ಎಂದರು ನಿರ್ದೇಶಕರು. ಬಳಿದೆ. ಮಂತ್ರಿಗಳ ಕಾರು ನಿಲ್ಲದೆ ಹೋಯಿತು.

ಮರಳಿ ಬಂದ ಎಜೆ ಯಾರನ್ನೂ ಬೈಯಲಿಲ್ಲ. ಮರದ ಕಡ್ಡಿ, ನೀರು ಹಿಡಿದು ಮೊಣಕಾಲೂರಿ ಹನ್ನೊಂದು ವಾರ ಒಂದೊಂದೇ ಅಕ್ಷರದ ಸುಣ್ಣ ಬಿಡಿಸಿ, ಕಲ್ಲುಗಳನ್ನು ಕೋಣೆಗೆ ಮರಳಿಸಿದರು. ಪಾಪ ಕಳೆದುಕೊಳ್ಳುವ ಆತುರದಲ್ಲಿ ನಾನು ಒಂದು ಕಲ್ಲನ್ನು ತಂತಿಬ್ರಷ್ಷಿನಿಂದ ಉಜ್ಜಿದೆ. ಸುಣ್ಣದ ಜೊತೆ ಅಕ್ಷರವೂ ಹೋಯಿತು. ಮಹಾಮಾರಿ ಬಡಿದ, ಪ್ರಾಣಿಗಳ ಹೆಸರಿನ ಹಳೆಯ ಪಂಚಾಂಗದ ಮೊಲದ ವರ್ಷದಲ್ಲಿ ಸತ್ತ ಯುಲ್ದುಜ್ ಎಂಬ ಹುಡುಗಿಯ ಕಲ್ಲು ಅದು. ಹಿಂದಿನ ಚಳಿಗಾಲವಷ್ಟೇ ಬಂದದ್ದು, ಸಂಗ್ರಹಾಲಯದ ಪಟ್ಟಿಗೆ ಇನ್ನೂ ಏರಿರಲಿಲ್ಲ. ಕಲ್ಲಿನಲ್ಲಿ ಕಾಣದ್ದನ್ನು ಎಜೆ ಎಂದೂ ಪಟ್ಟಿಗೆ ಸೇರಿಸುವವರಲ್ಲ; ಆ ಬರಹ ಈಗ ಅವರ ನೆನಪಿನಲ್ಲಷ್ಟೇ ಉಳಿದಿದೆ.

“ನಿರ್ದೇಶಕ ಬಳಿಸಿದ್ದು ತೊಳೆದ್ರೆ ಹೋಗುತ್ತೆ,” ಎಂದರು ಎಜೆ. “ನೀನು ಒಳ್ಳೇದು ಮಾಡೋಕೆ ಹೋಗಿ ಆ ಮಗೂನ ಇನ್ನೊಂದು ಸಲ ಸಾಯಿಸಿದೆ.”

ನನ್ನ ಸಿಟ್ಟಿನಲ್ಲಿ ಅರ್ಧ ನಿರ್ದೇಶಕರ ಮೇಲೆ, ಉಳಿದರ್ಧ ನನ್ನ ಮೇಲೆಯೇ.

ಈ ಮಾರ್ಚಿನ ಬೀಳ್ಕೊಡುಗೆಯಲ್ಲಿ ನಿರ್ದೇಶಕರು ಎಜೆಯ ಹೆಗಲಿಗೆ ಜರಿಯ ಚಾಪಾನ್ ನಿಲುವಂಗಿ ಹೊದಿಸಿ, ಕೋಣೆಯ ಕೀಲಿಗೆ ಕೈ ಚಾಚಿದರು. ಶರತ್ಕಾಲಕ್ಕೆ ಅಂಗಳದಲ್ಲಿ ಕಾರಂಜಿ ಏಳಲಿದೆ. ಅದರ ಸುತ್ತಲಿನ ಕಟ್ಟೆಗೆ ಅವರಿಗೆ ಮತ್ತೆ ಅವೇ ಕಲ್ಲುಗಳು ಬೇಕಂತೆ, ನಾಚಿಕೆಯೆಂಬುದೇ ಇಲ್ಲ. “ಕೊಡ್ತೀನಿ,” ಎಂದರು ಎಜೆ. “ವಸ್ತು ಒಪ್ಪಿಸೋ ನಿಯಮ ಇದೆಯಲ್ಲ, ಒಂದೊಂದು ಕಲ್ಲನ್ನೂ ಓದಿ, ಹೆಸರು ಹೇಳಿ, ರುಜು ಹಾಕಿ ತಗೊಳ್ಳಿ.” ನಿರ್ದೇಶಕರು ಓದಲೆಂದು ಎತ್ತಿಕೊಂಡ ಮೊದಲ ಕಲ್ಲೇ ಅವರ ಕೈಯಲ್ಲಿ ತಲೆಕೆಳಗಾಗಿತ್ತು. ಕೀಲಿ ಇನ್ನೂ ಎಜೆಯ ಜೇಬಿನಲ್ಲಿದೆ.

ಅಂದಿನಿಂದ ಪ್ರತಿ ಗುರುವಾರ ನಾನು ಅವರ ಬಳಿ ಓದಲು ಕಲಿಯುತ್ತಿದ್ದೇನೆ. ಓದಬಲ್ಲವನು ರುಜು ಹಾಕಿದರೆ ಕಲ್ಲುಗಳ ಹೊಣೆ ಅವನದು; ಅವನ ಒಪ್ಪಿಗೆಯಿಲ್ಲದೆ ಒಂದೂ ಹೊರಗೆ ಹೋಗುವಂತಿಲ್ಲ. ಹತ್ತೊಂಬತ್ತು ಕಲ್ಲುಗಳು ಮುಗಿದಿವೆ. ನಾನು ಮಂದಬುದ್ಧಿಯವನು, ಶರತ್ಕಾಲ ಹತ್ತಿರವಾಗುತ್ತಿದೆ. ಆದ್ದರಿಂದ ಎಜೆಯವರ ಆಯುಸ್ಸು, ಕಣ್ಣಿನ ಬೆಳಕು, ನನ್ನ ಮೇಲಿನ ತಾಳ್ಮೆ ಇವು ಮೂರೂ ಹೆಚ್ಚಲೆಂದು ಸ್ವಾರ್ಥದಿಂದಲೇ ಹಾರೈಸುತ್ತೇನೆ. ಯುಲ್ದುಜ್‌ಳ ಕಲ್ಲನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅದರ ಮೇಲೆ ಓದಲು ನಾನು ಏನನ್ನೂ ಉಳಿಸಿಲ್ಲ; ಎಜೆ ಬಾಯಿಬಿಟ್ಟು ಹೇಳಬೇಕು, ನಾನು ತಲೆ ತಗ್ಗಿಸಿ ಕೇಳಬೇಕು.